ಕಡಲಿನ ತಣ್ಣೀರಿಗೆ ದಾರಿಯ ಹಕ್ಕು

ಅಡಕೆ ತೋಟದ ಊರುಗಳನ್ನು ಬಲ್ಲ ವಾಚಕರಿಗೆ ಈ ಜಗಳ ಹೊಸದಲ್ಲ. ಮೇಲೆ ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸಿದ್ದಾರೆ. ಕೆಳಗೆ ಒಬ್ಬರ ತೋಟ ಬಾಡುತ್ತಿದೆ. ನಡುವೆ ಮೂರನೆಯವರೊಬ್ಬರ ಗದ್ದೆ. ನೀರು ದೇವರು ಕೊಟ್ಟದ್ದು, ಯಾರೊಬ್ಬರ ಸೊತ್ತೂ ಅಲ್ಲ ಎಂಬುದನ್ನು ಮೂವರೂ ಒಪ್ಪುತ್ತಾರೆ. ಆದರೆ ಆ ನೀರು ಹರಿದುಹೋಗಬೇಕಾದ ಒಂದು ಮೊಳ ಅಗಲದ ಕಣಿ ಯಾರ ನೆಲದಲ್ಲಿ ಹಾಯಬೇಕು ಎಂಬ ಮಾತು ಬಂದ ಕೂಡಲೆ ಒಪ್ಪಿಗೆ ಮುರಿಯುತ್ತದೆ. ನನ್ನ ಬಾಲ್ಯದಲ್ಲಿ ನಮ್ಮ ನೆರೆಯ ಎರಡು ಮನೆಯವರಿಗೆ ಇಂಥ ಒಂದು ಕಣಿಯ ದೆಸೆಯಿಂದ ಹತ್ತು ವರ್ಷ ಮಾತುಕತೆ ಇರಲಿಲ್ಲ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಕಣಿಯಲ್ಲಿ ಮಾತ್ರ ನೀರು ಹರಿಯುತ್ತಲೇ ಇದ್ದಿತು.

ಪರರ ನೆಲವನ್ನು ಕೊಳ್ಳದೆ, ಅದರ ಒಡೆತನವನ್ನು ಕೇಳದೆ, ಅದರ ಮೇಲೆ ಹಾದುಹೋಗುವಷ್ಟು ಮಾತ್ರ ಪಡೆಯುವ ಈ ಅಧಿಕಾರಕ್ಕೆ ಕೋರ್ಟಿನ ಭಾಷೆಯಲ್ಲಿ ಈಸ್‌ಮೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ಅನುಭೋಗದ ಹಕ್ಕು ಎನ್ನೋಣ. ನಮ್ಮ ದೇಶದಲ್ಲಿ ಇದಕ್ಕೆ 1882ರಲ್ಲಿ ಕಾನೂನು ಬಂದಿತು. ಮೊದಲು ಅದು ಜಾರಿಯಾದದ್ದು ಮದರಾಸು ಪ್ರಾಂತ, ಮಧ್ಯಪ್ರಾಂತ ಮತ್ತು ಕೊಡಗಿನಲ್ಲಿ. ಹೀಗಾಗಿ ಅಂದು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳಿಗೂ ಕೊಡಗಿಗೂ ಇದು ತೀರ ಹಳೆಯ ಪರಿಚಯ. ಇಪ್ಪತ್ತು ವರ್ಷ ತಡೆಯಿಲ್ಲದೆ ಬಹಿರಂಗವಾಗಿ ಅನುಭವಿಸಿಕೊಂಡು ಬಂದರೆ ಹಕ್ಕು ಹುಟ್ಟುತ್ತದೆ ಎಂದು ಅದು ಹೇಳುತ್ತದೆ. ನೆಲ ಸರ್ಕಾರದ್ದಾದರೆ ಇಪ್ಪತ್ತು ಸಾಲದು; ಮೊದಲು 60 ವರ್ಷ ಎಂದಿದ್ದಿತು, ಈಗ 30. ಸರ್ಕಾರದ ನೆಲ ಎಂದರೆ ಎಲ್ಲರ ನೆಲ. ಅದನ್ನು ಒಬ್ಬನು ಮೆಲ್ಲಮೆಲ್ಲನೆ ತನ್ನದಾಗಿಸಿಕೊಳ್ಳುವುದು ಸುಲಭವಾಗಬಾರದು ಎಂಬ ಎಚ್ಚರ ಆ ಹೆಚ್ಚಿನ ವರ್ಷಗಳಲ್ಲಿದೆ.

ಈ ಕಣಿಯ ಕತೆಯನ್ನೇ ಇನ್ನಷ್ಟು ದೊಡ್ಡದು ಮಾಡಿ, ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿಟ್ಟು ನೋಡೋಣ. ಅಲ್ಲಿಯ ಹೊನೊಲುಲು ನಗರದಲ್ಲಿ ವರ್ಷವಿಡೀ ಸೆಕೆ. ಎತ್ತರದ ಕಚೇರಿಗಳನ್ನೂ ಹೋಟೆಲುಗಳನ್ನೂ ತಂಪಾಗಿಡಲು ಯಂತ್ರಗಳು ಹಗಲಿರುಳು ನಡೆಯಬೇಕು. ಆ ಯಂತ್ರಗಳಿಗೆ ವಿದ್ಯುತ್ತು ಬೇಕು. ವಿದ್ಯುತ್ತಿನ ಹೆಚ್ಚಿನ ಪಾಲಿಗೆ ಹಡಗಿನಲ್ಲಿ ಬರುವ ಎಣ್ಣೆಯೇ ಗತಿಯಾಗಿ ಬಹಳ ಕಾಲ ಕಳೆಯಿತು. ಹೀಗಿದ್ದರೂ ನಗರದ ಕಾಲಬುಡದಲ್ಲೇ, ಕಡಲಿನ ಆಳದಲ್ಲಿ, ಎಂದೂ ಮುಗಿಯದ ತಣ್ಣೀರಿನ ಉಗ್ರಾಣವೊಂದು ಬಿದ್ದಿದೆ.

ಉಷ್ಣವಲಯದ ಕಡಲು ಮೇಲೆ ಮಾತ್ರ ಬೆಚ್ಚಗೆ. ಧ್ರುವಗಳ ಸಮೀಪ ತಣಿದು ಭಾರವಾದ ನೀರು ಕೆಳಕ್ಕಿಳಿದು, ತಳದುದ್ದಕ್ಕೂ ಹರಿದು, ಶತಮಾನಗಳ ಪ್ರಯಾಣದಲ್ಲಿ ಸಮಭಾಜಕದವರೆಗೂ ಬಂದು ಸೇರುತ್ತದೆ. ಎರಡು ಸಾವಿರ ಅಡಿ ಇಳಿದರೆ ಅಲ್ಲಿಯ ನೀರಿನ ಉಷ್ಣತೆ ಆರೇಳು ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಯ ಫ್ರಿಜ್ಜಿನೊಳಗಿನಷ್ಟೇ ತಂಪು. ಅದನ್ನು ಕೊಳವೆಯಲ್ಲಿ ದಡಕ್ಕೆ ತಂದು, ಬೇರೊಂದು ಕೊಳವೆಯ ಸಿಹಿನೀರಿಗೆ ತಂಪನ್ನು ದಾಟಿಸಿ, ಆ ಸಿಹಿನೀರನ್ನು ಬೀದಿಗಳ ಕೆಳಗೆ ಕಟ್ಟಡದಿಂದ ಕಟ್ಟಡಕ್ಕೆ ಹರಿಸಿದರಾಯಿತು. ಉಪ್ಪುನೀರೂ ಸಿಹಿನೀರೂ ಬೆರೆಯುವುದಿಲ್ಲ. ತೆಳ್ಳನೆಯ ಲೋಹದ ಹಾಳೆಯ ಎರಡು ಮಗ್ಗುಲಲ್ಲಿ ಹರಿಯುತ್ತವೆ. ಉಪ್ಪು ತಿನ್ನದಿರಲೆಂದು ಆ ಹಾಳೆಯನ್ನು ಟೈಟೇನಿಯಂನಿಂದ ಮಾಡುತ್ತಾರೆ. ತಂಪನ್ನು ಹುಟ್ಟಿಸುವ ಯಂತ್ರವೇ ಬೇಡ, ನೀರೆತ್ತುವ ಪಂಪು ಸಾಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2000ದಲ್ಲಿ ಕಡಲಿನ ಬದಲು ಪಕ್ಕದ ಆಳವಾದ ಸರೋವರದಿಂದ ಇದೇ ಕೆಲಸ ಮಾಡಿಸಿಕೊಂಡಿತು. 2004ರಲ್ಲಿ ಟೊರಾಂಟೋ ನಗರವೂ ಹಾಗೆಯೇ ಮಾಡಿತು. ಪೆಸಿಫಿಕ್‌ನ ಬೋರಾ ಬೋರಾ ದ್ವೀಪದ ಹೋಟೆಲೊಂದು 2006ರಿಂದ ಕಡಲಿನ ತಂಪಿನಲ್ಲಿ ನಡೆಯುತ್ತಿದೆ.

ಇಷ್ಟು ಸುಲಭವಾದದ್ದು ಎಲ್ಲೆಡೆ ಏಕಾಗಿಲ್ಲವೆಂದು ನೀವು ಕೇಳಬಹುದು. ಕಷ್ಟವೆಲ್ಲ ಕೊಳವೆಯದು. ನಿಯಾನ್ ದೀಪವನ್ನು ಲೋಕಕ್ಕೆ ಕೊಟ್ಟ ಫ್ರೆಂಚ್ ವಿಜ್ಞಾನಿ ಜಾರ್ಜ್ ಕ್ಲಾಡ್ ಕ್ಯೂಬಾದ ಮಾತಾಂಜಾಸ್ ಕೊಲ್ಲಿಯಲ್ಲಿ ಬಿಸಿನೀರು-ತಣ್ಣೀರುಗಳ ಅಂತರದಿಂದ ವಿದ್ಯುತ್ತು ತೆಗೆಯಲು ಹೊರಟನು. ಸ್ವಂತ ಹಣ ಸುರಿದು ಸುಮಾರು ಎರಡು ಕಿಲೋಮೀಟರು ಉದ್ದದ ಉಕ್ಕಿನ ಕೊಳವೆ ಮಾಡಿಸಿದ. ಒಂದು ಕೊಳವೆ ಕಡಲುಪಾಲಾಯಿತು, ಎರಡನೆಯದೂ ಆಯಿತು. 1930ರಲ್ಲಿ ಮೂರನೆಯದು ನಿಂತಿತು. ಅದರಿಂದ 22 ಕಿಲೋವ್ಯಾಟು ವಿದ್ಯುತ್ತನ್ನೂ ತೆಗೆದು ತೋರಿಸಿದ. ಆದರೆ ಅದಕ್ಕಿಂತ ಹೆಚ್ಚು ಶಕ್ತಿ ನೀರೆತ್ತುವುದಕ್ಕೇ ಬೇಕಾಗಿದ್ದಿತು. ಬಳಿಕ ಪ್ಲಾಸ್ಟಿಕ್ಕಿನ ಗಟ್ಟಿ ಕೊಳವೆ ಬಂದಮೇಲೆ ಕೆಲಸ ಹಗುರವಾಯಿತು. ಅದು ತೇಲುತ್ತದೆ, ಬಾಗುತ್ತದೆ. ದಡದಲ್ಲಿ ಜೋಡಿಸಿ, ಎಳೆದೊಯ್ದು, ನೀರು ತುಂಬಿಸಿ, ಕಾಂಕ್ರೀಟಿನ ಭಾರ ಕಟ್ಟಿ ಮುಳುಗಿಸಬಹುದು.

ಮುಳುಗಿದ ಕೊಳವೆ ಒಂದು ನೆಲದ ಮೇಲೆ ಮಲಗಬೇಕು. ಆ ನೆಲ ಯಾರದು? ಹವಾಯಿಯಲ್ಲಿ ಈ ಪ್ರಶ್ನೆ ಕೇಳಿದರೆ ಇನ್ನೂರು ವರ್ಷದ ಇತಿಹಾಸವನ್ನೇ ಬಿಚ್ಚಬೇಕಾಗುತ್ತದೆ.

ಬಿಳಿಯರು ಕಾಲಿಡುವ ಮೊದಲು ಅಲ್ಲಿ ನೆಲವನ್ನು ಚೌಕಚೌಕವಾಗಿ ಅಳೆಯುತ್ತಿರಲಿಲ್ಲ. ಬೆಟ್ಟದ ನೆತ್ತಿಯಿಂದ ಹೊರಟು, ತೊರೆಯೊಡನೆ ಇಳಿದು, ಗದ್ದೆಗಳನ್ನು ಹಾದು, ದಡ ದಾಟಿ, ಕಡಲೊಳಗಿನ ಹವಳದ ದಿಬ್ಬದವರೆಗೆ ಚಾಚಿದ ಒಂದೊಂದು ಪಟ್ಟಿ ಒಂದೊಂದು ನಾಡು; ಇದಕ್ಕೆ ಅಹುಪುಆಆ ಎಂದು ಹೆಸರು. ಬೆಟ್ಟದವನಿಗೆ ಮೀನು, ದಡದವನಿಗೆ ಮರ, ಎರಡೂ ಒಂದೇ ಪಟ್ಟಿಯೊಳಗೆ ದೊರೆಯುತ್ತಿದ್ದವು. ದಡದಲ್ಲಿ ಕಲ್ಲುಕಟ್ಟೆ ಕಟ್ಟಿ, ತೂಬಿನ ಬಾಗಿಲಿನಿಂದ ಭರತದ ನೀರನ್ನು ಒಳಬಿಟ್ಟುಕೊಂಡು ಮೀನು ಸಾಕುತ್ತಿದ್ದರು. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳನ್ನೂ ಅಲ್ಲಿಯ ತೂಬುಗಳನ್ನೂ ಕಂಡವರಿಗೆ ಇದರ ಚಿತ್ರ ಕಣ್ಣಿಗೆ ಕಟ್ಟುತ್ತದೆ.

1839ರಲ್ಲಿ ಮೂರನೆಯ ಕಾಮೆಹಾಮೆಹಾ ರಾಜನು ಈ ಪದ್ಧತಿಯನ್ನು ಲಿಖಿತ ಕಾನೂನಾಗಿ ಮಾಡಿದನು. ಹವಳದ ದಿಬ್ಬದಿಂದ ಆಚೆಯ ಕಡಲು ಪ್ರಜೆಗಳೆಲ್ಲರದು. ದಿಬ್ಬದಿಂದ ಈಚೆ ಪಟ್ಟಿಯ ಮುಖ್ಯಸ್ಥನಿಗೂ ಅವನ ಒಕ್ಕಲಿಗೂ ಸೇರಿದ್ದು. ಆ ಮುಖ್ಯಸ್ಥನಾದರೂ ತನಗೆ ಬೇಕಾದ ಒಂದೇ ಒಂದು ಜಾತಿಯ ಮೀನನ್ನು ಕಾಯ್ದಿರಿಸಿಕೊಳ್ಳಬಹುದು, ಇಲ್ಲವೆ ಹಿಡಿದ ಮೀನಿನಲ್ಲಿ ಮೂರನೆಯ ಒಂದು ಪಾಲು ಪಡೆಯಬಹುದು, ಎರಡನ್ನೂ ಕೇಳುವಂತಿಲ್ಲ. ಇಷ್ಟು ನವುರಾಗಿ ಅಳೆದ ಕಡಲಿನ ಕಾನೂನು ಆ ಕಾಲದಲ್ಲಿ ಬೇರೆಲ್ಲಿದ್ದಿತೋ, ನನ್ನ ಓದಿಗಂತೂ ಸಿಕ್ಕಿಲ್ಲ.

ಹತ್ತು ವರ್ಷ ಕಳೆಯುವುದರೊಳಗೆ ನೆಲದ ಹಣೆಬರಹ ಬದಲಾಯಿತು. 1848ರ ಮಹಾ ವಿಭಜನೆಯಲ್ಲಿ ದ್ವೀಪಗಳ ಭೂಮಿ ರಾಜ, ಮುಖ್ಯಸ್ಥರು, ಸರ್ಕಾರ ಎಂದು ಹಂಚಿಹೋಯಿತು. ಉಳುವವರಿಗೂ ತಮ್ಮ ತುಂಡನ್ನು ಕೇಳಿ ಪಡೆಯುವ ಅವಕಾಶ 1850ರಲ್ಲಿ ಬಂದಿತು. ಆದರೆ ಅವರ ಕೈಗೆ ಸೇರಿದ್ದು ಒಟ್ಟು 30,000 ಎಕರೆಗಿಂತ ಕಡಿಮೆ, ದ್ವೀಪಗಳ ನೆಲದಲ್ಲಿ ಶೇಕಡ ಒಂದೂ ಅಲ್ಲ. ಅದೇ ವರ್ಷ ಪರದೇಶಿಯರೂ ಭೂಮಿ ಕೊಳ್ಳಬಹುದೆಂದಾಯಿತು. ಮುಂದಿನದನ್ನು ಊಹಿಸಬಲ್ಲಿರಿ: ಕಬ್ಬಿನ ತೋಟಗಳು ಬಂದವು, ತೋಟದ ಒಡೆಯರು ಬೆಳೆದರು, 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. ರಾಜನದೂ ಸರ್ಕಾರದ್ದೂ ಆಗಿದ್ದ ಸುಮಾರು 18 ಲಕ್ಷ ಎಕರೆ ಹೊಸ ಒಡೆಯರ ವಶಕ್ಕೆ ಹೋಯಿತು. ಇದು ಹವಾಯಿ ಜನರ ಸಮ್ಮತಿಯಿಲ್ಲದೆ, ಪರಿಹಾರವಿಲ್ಲದೆ ನಡೆದುಹೋಯಿತೆಂದು ಅಮೆರಿಕದ ಸಂಸತ್ತೇ 1993ರಲ್ಲಿ ಗೊತ್ತುವಳಿ ಮಾಡಿ ಕ್ಷಮೆ ಕೇಳಿತು. ಕ್ಷಮೆಯೊಡನೆ ಭೂಮಿ ಮರಳಲಿಲ್ಲ ಎನ್ನುವುದು ಬೇರೆ ಮಾತು.

1959ರಲ್ಲಿ ಹವಾಯಿ ಅಮೆರಿಕದ ಒಂದು ರಾಜ್ಯವಾದಾಗ ಆ ಭೂಮಿಯ ಬಹುಭಾಗ ರಾಜ್ಯಕ್ಕೆ ಬಂದಿತು. ಆದರೆ ಒಡವೆಯಾಗಿ ಅಲ್ಲ, ನ್ಯಾಸವಾಗಿ. ಅದರ ಉತ್ಪನ್ನ ಯಾವುದಕ್ಕೆ ಸಲ್ಲಬೇಕೆಂದು ಕಾನೂನಿನಲ್ಲೇ ಬರೆದರು: ಶಾಲೆಗಳು, ಮೂಲ ಹವಾಯಿಯರ ಏಳಿಗೆ, ಹೊಲಮನೆಗಳ ಒಡೆತನದ ವಿಸ್ತರಣೆ, ಸಾರ್ವಜನಿಕ ಕಾಮಗಾರಿ, ಸಾರ್ವಜನಿಕ ಬಳಕೆ. 1978ರಲ್ಲಿ ಸಂವಿಧಾನ ತಿದ್ದಿ ಮೂಲನಿವಾಸಿಗಳ ಹಿತಕ್ಕೆಂದೇ ಒಂದು ಇಲಾಖೆ ಸ್ಥಾಪಿಸಿದರು. ನ್ಯಾಸಭೂಮಿಯ ಆದಾಯದಲ್ಲಿ ಐದನೆಯ ಒಂದು ಪಾಲು ಅದಕ್ಕೆಂದು 1980ರಲ್ಲಿ ಗೊತ್ತಾಯಿತು. ದಡದಾಚೆ ಕಡಲಡಿಯ ನೆಲವೂ ರಾಜ್ಯದ ಸಾರ್ವಜನಿಕ ಭೂಮಿಯೇ. ಹೀಗಾಗಿ ಹೊನೊಲುಲುವಿನ ಮುಂದೆ ಒಬ್ಬನು ಕೊಳವೆ ಮಲಗಿಸಿದರೆ, ಆ ಪಟ್ಟಿಗೆ ಅವನು ಕೊಡುವ ಬಾಡಿಗೆ ಬರಿಯ ಖಜಾನೆಯ ಲೆಕ್ಕವಲ್ಲ. ಕಳೆದುಕೊಂಡವರಿಗೆ ಸಲ್ಲಬೇಕಾದ ಪಾಲಿನ ಪ್ರಶ್ನೆ ಅದರೊಳಗೆ ಅಡಗಿದೆ.

ದಡದ ಗೆರೆ ಎಲ್ಲಿ ಎಂಬುದಕ್ಕೂ ಅಲ್ಲಿ ಒಂದು ವ್ಯಾಜ್ಯ ನಡೆಯಿತು. ಮೊಲೊಕಾಯಿ ದ್ವೀಪದಲ್ಲಿ ಕಡಲ ಬದಿಯ ಜಮೀನಿನವರು, ಸರಾಸರಿ ಭರತದ ಮಟ್ಟವನ್ನು ಪಟ್ಟಿ ನೋಡಿ ಲೆಕ್ಕಹಾಕಿ, ಅಲ್ಲಿಯವರೆಗೂ ತಮ್ಮದೆಂದು ವಾದಿಸಿದರು. ರಾಜ್ಯದ ಕಡೆಯವರು ನಕ್ಷೆಗೆ ಬದಲು ಆ ದಡದಲ್ಲೇ ಬೆಳೆದ ಹಿರಿಯರನ್ನು ಸಾಕ್ಷಿಗೆ ಕರೆದರು. ಹಿಂದಿನವರು ಗೆರೆಯನ್ನು ಹೇಗೆ ಗುರುತಿಸುತ್ತಿದ್ದರು ಎಂದು ಅವರು ಹೇಳಿದರು: ಅಲೆ ಮೇಲೇರಿ ತೊಳೆಯುವ ತುದಿ, ಹಸುರು ಮೊದಲಾಗುವ ಅಂಚು, ಕಸಕಡ್ಡಿ ಬಿದ್ದಿರುವ ಸಾಲು. 1968ರಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಮುಖ್ಯ ನ್ಯಾಯಾಧೀಶ ರಿಚರ್ಡ್‌ಸನ್ನರ ಲೇಖನಿಯಿಂದ ಆ ಹಿರಿಯರ ಗೆರೆಯನ್ನೇ ಎತ್ತಿಹಿಡಿಯಿತು. ಅಂದಿನಿಂದ ಒದ್ದೆ ಮರಳಷ್ಟೇ ಅಲ್ಲ, ಅಲೆಯ ತುದಿಯವರೆಗಿನ ಒಣ ಮರಳೂ ಸಾರ್ವಜನಿಕರದಾಯಿತು. ಮುಂದೆ ಕೊಳವೆಯವರು ಅನುಮತಿಗೆಂದು ಬಾಗಿಲು ತಟ್ಟಬೇಕಾದ ಜಾಗ ಇನ್ನಷ್ಟು ಒಳಕ್ಕೆ ಸರಿಯಿತು ಎನ್ನಿ.

ಕಡಲಿನ ತಂಪಿಗೆ ಹವಾಯಿ ಗಂಭೀರವಾಗಿ ಕೈಹಾಕಿದ್ದು 1973ರ ಎಣ್ಣೆಯ ಬಿಕ್ಕಟ್ಟಿನ ತರುವಾಯ. 1974ರಲ್ಲಿ ಶಾಸನಸಭೆ ದೊಡ್ಡ ದ್ವೀಪದ ಕೆಯಾಹೋಲೆ ಭೂಶಿರದಲ್ಲಿ 322 ಎಕರೆ ಸಾರ್ವಜನಿಕ ಭೂಮಿಯನ್ನು ನೈಸರ್ಗಿಕ ಶಕ್ತಿ ಪ್ರಯೋಗಾಲಯಕ್ಕೆಂದು ಮೀಸಲಿಟ್ಟಿತು. 1801ರಲ್ಲಿ ಹರಿದ ಲಾವಾ ತಣ್ಣಗಾಗಿ ಕಪ್ಪಾಗಿ ನಿಂತ ಬರಡು ಕರಾವಳಿ ಅದು. ಬೇರೆ ಉಪಯೋಗ ಯಾರಿಗೂ ತೋಚಿರಲಿಲ್ಲ. ಅಲ್ಲಿ ಕಡಲಿನ ತಳ ದಡದ ಪಕ್ಕದಿಂದಲೇ ಕಡಿದಾಗಿ ಇಳಿಯುತ್ತದೆ, ಆದ್ದರಿಂದ ಕೊಳವೆ ಗಿಡ್ಡದಾದರೂ ನಡೆಯುತ್ತದೆ. 1979ರಲ್ಲಿ ಅದರ ಮುಂದೆ ಲಂಗರು ಹಾಕಿದ ದೋಣಿಯೊಂದರ ಮೇಲೆ, ಕ್ಲಾಡನು ಕಂಡ ಕನಸು ಚಿಕ್ಕ ಪ್ರಮಾಣದಲ್ಲಿ ನಿಜವಾಯಿತು: ಪಂಪುಗಳು ತಿಂದು ಮಿಕ್ಕ ವಿದ್ಯುತ್ತಿನಲ್ಲಿ ದೀಪ ಉರಿಯಿತು. ವಿದ್ಯುತ್ತಿಗಿಂತ ತಂಪೇ ಲಾಭದ್ದು ಎಂಬ ಅರಿವು ಬಂದದ್ದು ಆಮೇಲೆ. 1980ರ ದಶಕದಿಂದ ಅಲ್ಲಿಯ ಕಟ್ಟಡಗಳು ಕಡಲಿನ ನೀರಿನಿಂದಲೇ ತಂಪಾಗುತ್ತಿವೆ. ಮುಂದೆ ಬಂದ 55 ಅಂಗುಲದ ದೊಡ್ಡ ಕೊಳವೆ ಸುಮಾರು 3,000 ಅಡಿ ಆಳದಿಂದ ನೀರೆತ್ತುತ್ತದೆ. ತಣ್ಣನೆಯ ಕೊಳವೆಗಳನ್ನು ಮಣ್ಣಿನಲ್ಲಿ ಹೂತು, ಅವುಗಳ ಮೇಲೆ ಇಳಿಯುವ ಬೆವರಹನಿಯಿಂದ ಆ ಬಿಸಿಲುನಾಡಿನಲ್ಲಿ ಸ್ಟ್ರಾಬೆರಿ ಬೆಳೆದು ತೋರಿಸಿದವರೂ ಉಂಟು.

ಕೆಯಾಹೋಲೆಯಲ್ಲಿ ನೆಲ ಸರ್ಕಾರದ್ದು, ಪ್ರಯೋಗಾಲಯವೂ ಸರ್ಕಾರದ್ದು. ಜಗಳಕ್ಕೆ ಎಡೆ ಕಡಿಮೆ. ನಗರದ ಖಾಸಗಿ ಕಂಪೆನಿಯೊಂದು ಅದನ್ನೇ ಮಾಡಹೊರಟಾಗ ದಾರಿಯ ಹಕ್ಕಿನ ಪ್ರಶ್ನೆ ಎದ್ದಿತು. ಹವಾಯಿಯ ಭೂಕಾನೂನಿನಂತೆ ಕಡಲಡಿಯ ನೆಲವನ್ನು ಗುತ್ತಿಗೆಗೆ ಕೊಡಲು ಭೂಮಂಡಲಿಯ ಒಪ್ಪಿಗೆಯೊಂದೇ ಸಾಲದು. ಗವರ್ನರರ ಸಮ್ಮತಿ ಬೇಕು, ಶಾಸನಸಭೆಯ ಎರಡೂ ಮನೆಗಳ ಗೊತ್ತುವಳಿ ಬೇಕು. ಇದು ಕೇವಲ ದೊಡ್ಡ ಯೋಜನೆಗಳಿಗೆ ಕಟ್ಟಿದ ಬೇಲಿಯಲ್ಲ. ಮನೆಯ ಮುಂದಿನ ಅಲೆತಡೆ ಗೋಡೆ ನಾಲ್ಕು ಅಡಿ ಸಾರ್ವಜನಿಕ ದಡದೊಳಗೆ ಚಾಚಿಕೊಂಡಿದೆಯೆಂದು ಸಾಮಾನ್ಯ ಗೃಹಸ್ಥನೂ ಶಾಸನಸಭೆಯ ಮುಂದೆ ನಿಲ್ಲಬೇಕಾಗುತ್ತದೆ. ಇಂಥ ಗೊತ್ತುವಳಿಗಳಲ್ಲಿ ತಪ್ಪದೆ ಕಾಣುವ ಮಾತು ಒಂದಿದೆ: ಅವಧಿಯುಳ್ಳ, ಏಕಸ್ವಾಮ್ಯವಿಲ್ಲದ ಅನುಭೋಗ. ಅಂದರೆ ಇಷ್ಟು ವರ್ಷ ಮಾತ್ರ. ಅಷ್ಟು ಕಾಲವೂ ಆ ಪಟ್ಟಿಯಲ್ಲಿ ಇತರರು ಈಜಬಹುದು, ಮೀನು ಹಿಡಿಯಬಹುದು, ನಡೆದಾಡಬಹುದು.

ಸೂರ್ಯ, ಗಾಳಿ, ಕಡಲುಗಳಿಂದ ಶಕ್ತಿ ತೆಗೆಯುವವರಿಗೆ ಈ ಬೇಲಿ ತುಸು ತಗ್ಗಲಿ ಎಂದು ಶಾಸನಸಭೆ ಮುಂದೆ ತಿದ್ದುಪಡಿ ತಂದಿತು. ಅಂಥವರಿಗೆ ಸಾರ್ವಜನಿಕ ಭೂಮಿಯನ್ನು ಹರಾಜಿಲ್ಲದೆ ನೇರ ಮಾತುಕತೆಯಿಂದ ಕೊಡಬಹುದೆಂದಿತು. ತಣ್ಣನೆಯ ಕಡಲನೀರಿನಿಂದ ಒಂದು ಬಡಾವಣೆಗೇ ತಂಪು ಮಾರುವವರನ್ನೂ ಆ ಪಟ್ಟಿಗೆ ಹೆಸರಿಟ್ಟು ಸೇರಿಸಿತು. ಜೊತೆಗೆ ಒಂದು ಕಟ್ಟುಪಾಡು: ಭೂಮಿ ಇರುವ ದ್ವೀಪದಲ್ಲಿಯೇ ಸಭೆ ಕರೆದು ಜನರ ಅಹವಾಲು ಕೇಳಬೇಕು. ಇದಲ್ಲದೆ ಹಡಗು ಓಡಾಡುವ ನೀರಿನಲ್ಲಿ ಏನು ಕಟ್ಟಿದರೂ 1899ರ ಹಳೆಯ ಕಾನೂನಿನಂತೆ ಸೇನೆಯ ಎಂಜಿನಿಯರುಗಳ ಪರವಾನಗಿ ಬೇಕು.

ಇಷ್ಟೊಂದು ಬಾಗಿಲುಗಳೇಕೆ, ಒಳ್ಳೆಯ ಕೆಲಸಕ್ಕೆ ಹೀಗೇಕೆ ಅಡ್ಡಿ ಎಂದು ಹಲವರು ಬೇಸರಪಟ್ಟರು. ಅವರ ಬೇಸರದಲ್ಲಿ ನ್ಯಾಯವಿದೆ. ಎಣ್ಣೆ ಸುಡುವುದಕ್ಕೆ ಯಾರೂ ಇಷ್ಟು ಪರೀಕ್ಷೆ ಕೊಡಬೇಕಾಗಿರಲಿಲ್ಲ. ಆದರೂ ನನ್ನ ಮನಸ್ಸು ಬಾಗಿಲುಗಳ ಕಡೆಗೇ ವಾಲುತ್ತದೆ. ಆಳದ ನೀರು ಬರಿಯ ತಣ್ಣೀರಲ್ಲ. ಅದರಲ್ಲಿ ಪೋಷಕ ಲವಣಗಳು ತುಂಬಿವೆ. ಬಳಸಿದ ಮೇಲೆ ದಡದ ಬಳಿಯೇ ಬಿಟ್ಟರೆ ಪಾಚಿ ಬೆಳೆದು ಹವಳಕ್ಕೆ ಕೇಡಾದೀತು. ಆದ್ದರಿಂದ ಮರಳಿ ಆಳಕ್ಕೆ ಬಿಡಲು ಎರಡನೆಯ ಕೊಳವೆ, ಎಂದರೆ ಎರಡನೆಯ ಪಟ್ಟಿಯ ಹಕ್ಕು ಬೇಕು. ಕಡಲಿಗೆ ಹತ್ತಿರದ ನೆಲವೂ ಬರಿದಲ್ಲ. ಕೊಳವೆ ದಡ ಸೇರಬೇಕೆಂದಿದ್ದ ಕಾಕಾಆಕೊ ಎಂಬ ಕೇರಿ ಹಿಂದೆ ಉಪ್ಪಿನ ಆಗರಗಳ ಸ್ಥಳ, ನಮ್ಮ ಸಾಣಿಕಟ್ಟೆಯ ಹಾಗೆ. ಆ ಭಾಗದಲ್ಲಿ ಅಗೆದಲ್ಲಿ ಹಿರಿಯರ ಅಸ್ಥಿಗಳು ಸಿಗುವುದುಂಟು. ಒಂದು ಪೀಳಿಗೆಯ ತಂಪಿಗಾಗಿ ಬರೆದುಕೊಟ್ಟ ಪತ್ರವನ್ನು ಮುಂದಿನ ಎರಡು ಪೀಳಿಗೆ ಓದಬೇಕಾಗುತ್ತದೆ. ಮಹಾ ವಿಭಜನೆಯ ಕಾಲದಲ್ಲೂ ಬರೆದುಕೊಟ್ಟವರು ಒಳ್ಳೆಯದಾಗಲೆಂದೇ ಬರೆದುಕೊಟ್ಟಿದ್ದರು.

ಹೊನೊಲುಲುವಿನ ಯೋಜನೆ ದೊಡ್ಡದು. ನಗರದ ನಡುಭಾಗದ ಹತ್ತಾರು ದೊಡ್ಡ ಕಟ್ಟಡಗಳನ್ನು ತಣಿಸುವ ಸಂಕಲ್ಪ. ಕಡಲೊಳಗೆ ನಾಲ್ಕೈದು ಮೈಲಿ ಸಾಗಿ 1,700 ಅಡಿಗೂ ಆಳಕ್ಕೆ ಇಳಿಯುವ, ಆಳು ನಿಲ್ಲುವಷ್ಟು ಅಗಲದ ಕೊಳವೆ. ಹವಳದ ದಿಬ್ಬವನ್ನು ಸೀಳದಿರಲೆಂದು ಅದರಡಿಯಲ್ಲಿ ಸುರಂಗ ಕೊರೆಯುವ ಆಲೋಚನೆ ಮಾಡಿದ್ದರು. ಅಧ್ಯಯನ, ಸಭೆ, ಪರವಾನಗಿಗಳಲ್ಲಿ ಒಂದು ದಶಕಕ್ಕೂ ಮಿಕ್ಕು ಕಾಲ ಕಳೆಯಿತು. ಕಟ್ಟಡದವರಲ್ಲಿ ಕೆಲವರು ತಂಪು ಕೊಳ್ಳುವ ಕರಾರಿಗೂ ರುಜು ಹಾಕಿದರು. ಕಡೆಗೆ 2020ರ ಡಿಸೆಂಬರಿನಲ್ಲಿ, ನಿರ್ಮಾಣದ ವೆಚ್ಚ ಕೈಮೀರಿತೆಂದು ಹೇಳಿ ಕಂಪೆನಿ ಯೋಜನೆಯನ್ನು ಕೈಬಿಟ್ಟಿತು. ಕೊಳವೆ ಕಡಲಿಗಿಳಿಯಲೇ ಇಲ್ಲ. ತಡವಾದದ್ದರಿಂದ ವೆಚ್ಚ ಏರಿತೆ, ವೆಚ್ಚವೇ ಮೊದಲಿನಿಂದ ಭಾರವಾಗಿದ್ದಿತೆ ಎಂಬ ಚರ್ಚೆಗೆ ಕೊನೆಯಿಲ್ಲ.

ಹಾಗಾದರೆ ನಮ್ಮ ಮಂಗಳೂರು, ಕಾರವಾರಗಳಿಗೆ ಈ ತಂಪು ಬಂದೀತೆ ಎಂದು ಕರಾವಳಿಯ ವಾಚಕರು ಕೇಳುವುದು ಸಹಜ. ನಮ್ಮ ಕಡಲಿನ ತಳ ನಿಧಾನವಾಗಿ ಇಳಿಯುವಂಥದು. ತಣ್ಣೀರಿನ ಆಳ ಮುಟ್ಟಬೇಕಾದರೆ ಹತ್ತಾರು ಮೈಲಿ ಹೋಗಬೇಕು, ಅಷ್ಟು ಉದ್ದದ ಕೊಳವೆ ಲಾಭಕ್ಕೆ ಬಾರದು. ಆದರೆ ಅದೇ ಅರಬ್ಬೀ ಸಮುದ್ರದಲ್ಲಿ ತುಸು ಪಡುವಣಕ್ಕೆ ಹೋದರೆ ಲಕ್ಷದ್ವೀಪಗಳಿವೆ. ಅಲ್ಲಿ ದಡದ ಪಕ್ಕದಲ್ಲೇ ಕಡಲು ಆಳ. ಅವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ಮೊದಲಾದ ಉತ್ತರದ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಅವನ ಆಡಳಿತಕ್ಕೆ ಬಂದು, 1799ರ ಬಳಿಕ ಬ್ರಿಟಿಷರ ವಶವಾಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬಂದು, ಪ್ರತಿಯಾಗಿ ಅಕ್ಕಿ ಹೋಗುತ್ತಿದ್ದಿತು.

ಆ ದ್ವೀಪಗಳಿಗೆ ಸೆಕೆಗಿಂತ ಕುಡಿಯುವ ನೀರಿನದೇ ಚಿಂತೆ. ಅದಕ್ಕಾಗಿ ನಮ್ಮ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕವರತ್ತಿಯಲ್ಲಿ ಸುಮಾರು 350 ಮೀಟರು ಆಳದ ತಣ್ಣೀರನ್ನು ಮೇಲೆತ್ತಿದರು. ಮೇಲಿನ ಬಿಸಿನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿಯಾಗಿಸಿ, ತಣ್ಣೀರಿನ ಕೊಳವೆಗೆ ತಾಗಿಸಿ ಇಳಿಸಿದರೆ ಸಿಹಿನೀರು. ದಿನಕ್ಕೆ ಒಂದು ಲಕ್ಷ ಲೀಟರು. ಇಲ್ಲಿ ಕಡಲಡಿಯ ನೆಲ ಯಾರದೆಂಬ ತಗಾದೆ ಹೆಚ್ಚು ಏಳಲಿಲ್ಲ. ಸಂವಿಧಾನದ 297ನೆಯ ವಿಧಿಯಂತೆ ಅದು ಒಕ್ಕೂಟಕ್ಕೆ ಸೇರಿದ್ದು, ಕೊಳವೆ ಹಾಕಿದ್ದೂ ಒಕ್ಕೂಟದ ಸಂಸ್ಥೆಯೇ. ಬಳಿಕ ಮಿನಿಕಾಯ್, ಅಗತ್ತಿಗಳಲ್ಲೂ ಇಂಥ ಸ್ಥಾವರಗಳಾದವು. 2024ರ ಜನವರಿಯಲ್ಲಿ ಕಡಮತ್ ದ್ವೀಪದ ಸರದಿ ಬಂದಿತು. ಒಂದು ಕಾಲಕ್ಕೆ ಮಂಗಳೂರಿನ ಕಲೆಕ್ಟರರ ಕಚೇರಿಗೆ ಅರ್ಜಿ ಬರೆಯುತ್ತಿದ್ದ ಆ ದ್ವೀಪದಲ್ಲಿ ಈಗ ದಿನಕ್ಕೆ ಒಂದೂವರೆ ಲಕ್ಷ ಲೀಟರು ಸಿಹಿನೀರು ಇಳಿಸಬಲ್ಲ ಸ್ಥಾವರವಿದೆ. ಅದರ ಕೊಳವೆ ಹವಳದ ದಿಬ್ಬವನ್ನು ದಾಟಿ ಆಳಕ್ಕೆ ಇಳಿದಿದೆ.